ಹೈದರಾಬಾದ್ ಪಲ್ಟನ್ನಿನ ಜನರಲ್ ತಿಮ್ಮಯ್ಯನವರು

ನಮ್ಮ ಗಿಲ್ಲೆಸುಗೂರಿನ ಸರಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ, ನೀವು ಮಿಲಿಟರಿಯಲ್ಲಿ ಇದ್ದವರು, ಆ ಅನುಭವವನ್ನೇ ಬರೆಯಿರಿ ಎಂದು ಸಮಿತಿಯ ಗೆಳೆಯರು ಮನೆಗೆ ಬಂದು ಕೇಳಿದರು. ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಸೇರಿದೆ. ಹವಾಲ್ದಾರನಾಗಿ ನಿವೃತ್ತನಾಗಿ ಬಂದು ಈಗ ಹೊಲ ನೋಡಿಕೊಂಡಿದ್ದೇನೆ. ರಸ್ತೆ ಮಾಡಿದೆವು, ಸೇತುವೆ ಕಟ್ಟಿದೆವು, ಗುಂಡಿ ತೋಡಿದೆವು. ನನ್ನ ಬಗ್ಗೆ ಬರೆಯುವಂಥದ್ದು ಇಷ್ಟೇ. ಆದರೆ ನನ್ನನ್ನು ಸೈನ್ಯದಲ್ಲಿ ಉಳಿಸಿದ ಒಬ್ಬ ದೊಡ್ಡ ಮನುಷ್ಯರ ಕಥೆ ಬರೆಯಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಅವರನ್ನು ನಾನು ಕಣ್ಣಾರೆ ಕಂಡವನಲ್ಲ. ನಾನು ಅಂಗಿ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವ ಮೊದಲೇ ಅವರು ತೀರಿಹೋಗಿದ್ದರು. ಅವರೇ ಕೊಡಗಿನ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

ಈ ಬರವಣಿಗೆಗೆ ಇನ್ನೊಂದು ಕಾರಣವೂ ಇದೆ. ನಮ್ಮ ಅಜ್ಜ ನನಗೆ ಒಂದು ಪ್ರಶ್ನೆ ಕೇಳಿದ್ದರು. ಅದಕ್ಕೆ ಉತ್ತರ ನನಗೆ ತಿಳಿಯುವ ಹೊತ್ತಿಗೆ ಕೇಳಲು ಅವರು ಇರಲಿಲ್ಲ. ಆ ಉತ್ತರವನ್ನು ಈಗ ಊರಿನ ಮುಂದೆ ಇಡುತ್ತಿದ್ದೇನೆ.

ಅಜ್ಜನ ಪ್ರಶ್ನೆ

ಹಲಸೂರು ಕೆರೆಯ ಪಕ್ಕದ ತರಬೇತಿ ಕೇಂದ್ರಕ್ಕೆ ಹೋದ ಎರಡನೇ ತಿಂಗಳಿಗೇ ನನಗೆ ಊರಿನ ಚಿಂತೆ ಹತ್ತಿತ್ತು. ನಸುಕಿನ ಓಟ, ಪರೇಡು, ತಿಳಿಯದ ಹಿಂದಿ, ತಿಳಿಯದ ತಮಿಳು. ಜೋಳದ ರೊಟ್ಟಿ ಇಲ್ಲ, ಪುಂಡಿಪಲ್ಲೆ ಇಲ್ಲ. ಒಂದು ರಾತ್ರಿ ಟ್ರಂಕಿನಲ್ಲಿ ಬಟ್ಟೆ ತುಂಬಿಟ್ಟು, ರಾಯಚೂರಿನ ರೈಲು ಎಷ್ಟು ಗಂಟೆಗೆ ಎಂದು ಪಕ್ಕದ ಮಂಚದವನನ್ನು ವಿಚಾರಿಸಿದೆ. ಅವನು ಬಾಯಿಬಿಟ್ಟನೋ ಏನೋ, ಮರುದಿನ ನಮ್ಮ ಉಸ್ತಾದರು ನನ್ನನ್ನು ಕರೆಸಿದರು. ಅವರು ಕೊಡಗಿನವರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಮರದ ಕೆಳಗೆ ಕೂರಿಸಿಕೊಂಡು ತಮ್ಮ ನಾಡಿನ ತಿಮ್ಮಯ್ಯನವರ ಕಥೆ ಹೇಳಿದರು. ಎದ್ದು ಹೋಗಲು ನೂರು ಕಾರಣಗಳಿದ್ದರೂ ನಿಂತ ಮನುಷ್ಯ ಅವರು ಎಂದು ಹೇಳಿ ಮುಗಿಸಿದರು. ಆ ಸಂಜೆ ಟ್ರಂಕಿನ ಬಟ್ಟೆ ತೆಗೆದು ಮತ್ತೆ ಗೂಟಕ್ಕೆ ಹಾಕಿದೆ.

ಮೊದಲ ರಜೆಗೆ ಊರಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನಿಗೆ ಈ ಕಥೆಯನ್ನೇ ಉತ್ಸಾಹದಿಂದ ಹೇಳಲು ಹೊರಟೆ. ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿನಲ್ಲಿ ಇದ್ದರು ಎಂದದ್ದೇ ತಡ, ಅಜ್ಜನ ಮುಖ ಬಿಗಿಯಿತು. ಅವರು ರಜಾಕಾರರ ಹಾವಳಿ ಕಂಡವರು. ರಾತ್ರೋರಾತ್ರಿ ಹೆಣ್ಣುಮಕ್ಕಳನ್ನು ಬಂಡಿಯಲ್ಲಿ ಕೂರಿಸಿಕೊಂಡು ನದಿ ದಾಟಿಸಿದವರು. ಹೈದರಾಬಾದ್ ಫೌಜಿನವನಾಗಿದ್ದ ಮೇಲೆ ಅವನು ನಮಗೆ ಹೇಗೆ ದೊಡ್ಡವನಾದಾನು ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಸುಮ್ಮನೆ ಎದ್ದು ಬಂದೆ.

ಮುಂದೆ ಪಲ್ಟನ್ನಿನ ವಾಚನಾಲಯಗಳಲ್ಲಿ ಸಿಕ್ಕಿದ್ದನ್ನು ಓದಿದೆ, ಹಿರಿಯರನ್ನು ಕೇಳಿದೆ. ಆಗ ತಿಳಿದ ಸಂಗತಿ ನಮ್ಮ ಸೀಮೆಯವರೆಲ್ಲ ತಿಳಿಯಬೇಕಾದದ್ದು.

ನಮ್ಮ ಕಂದಾಯ ಉಂಡ ಪಲ್ಟನ್

ನಿಜಾಮರ ಕೈಕೆಳಗೆ ಎರಡು ತರಹದ ಸೈನ್ಯ ಇದ್ದವು. ಒಂದು ನಿಜಾಮರದೇ ಸ್ವಂತ ಸೈನ್ಯ. 1948ರಲ್ಲಿ ಭಾರತ ಸರಕಾರದ ಎದುರು ನಿಂತದ್ದು ಅದು. ಇನ್ನೊಂದು, ಹೆಸರಿಗೆ ನಿಜಾಮರದ್ದು, ಹಿಡಿತ ಮಾತ್ರ ಇಂಗ್ಲಿಷರದ್ದು. ಹೈದರಾಬಾದಿನಲ್ಲಿ ರೆಸಿಡೆಂಟ್ ಆಗಿದ್ದ ಹೆನ್ರಿ ರಸೆಲ್ 1813ರಲ್ಲಿ ಕಟ್ಟಿದ ರಸೆಲ್ ಬ್ರಿಗೇಡಿನಿಂದ ಬೆಳೆದ ಈ ಸೈನ್ಯಕ್ಕೆ ಹೈದರಾಬಾದ್ ಕಂಟಿಂಜೆಂಟ್ ಎಂದು ಹೆಸರಾಯಿತು. ಅಧಿಕಾರಿಗಳು ಇಂಗ್ಲಿಷರು, ಸಂಬಳ ಕೊಡಬೇಕಾದವರು ನಿಜಾಮರು. ಆ ಸಂಬಳ ವರ್ಷ ವರ್ಷ ಬಾಕಿ ಬಿದ್ದು ಸಾಲ ಬೆಟ್ಟವಾಯಿತು. 1853ರಲ್ಲಿ ಒಂದು ಒಪ್ಪಂದವಾಗಿ, ಸೈನ್ಯದ ಖರ್ಚಿಗೆಂದು ಬೀರಾರ್, ಧಾರಾಶಿವ ಮತ್ತು ರಾಯಚೂರು ದೋಆಬ್ ಈ ಮೂರನ್ನೂ ಇಂಗ್ಲಿಷರ ವಶಕ್ಕೆ ಕೊಡಲಾಯಿತು. ದೋಆಬ್ ಎಂದರೆ ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡು. 1860ರಲ್ಲಿ ರಾಯಚೂರು ಸೀಮೆ ನಿಜಾಮರಿಗೆ ಮರಳುವವರೆಗೆ ನಮ್ಮ ಹಿರಿಯರು ಎರೆಹೊಲದಲ್ಲಿ ಬೆಳೆದು ಕಟ್ಟಿದ ಕಂದಾಯ ಈ ಪಲ್ಟನ್ನಿನ ಸಿಪಾಯಿಗಳ ಸಂಬಳಕ್ಕೆ ಮೀಸಲಾಗಿತ್ತು. ನಮ್ಮ ಲಿಂಗಸುಗೂರಿನಲ್ಲಿಯೇ ಅವರ ದಂಡು ಇತ್ತು.

ಅಜ್ಜನ ಸಿಟ್ಟು ಪೂರಾ ಸುಳ್ಳೇನೂ ಅಲ್ಲ ಎಂಬುದನ್ನೂ ಹೇಳಬೇಕು. 1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಮೇಲೆ ದಂಡೆತ್ತಿ ಹೋದವರಲ್ಲಿ ಈ ಕಂಟಿಂಜೆಂಟಿನವರೂ ಇದ್ದರು. ನಮ್ಮ ದುಡ್ಡು ತಿಂದು ನಮ್ಮವರ ಮೇಲೆಯೇ ಕೋವಿ ಎತ್ತಿದ ಸೈನ್ಯ ಅದು. ಇತಿಹಾಸ ಬರೆಯುವಾಗ ಇದನ್ನು ಮುಚ್ಚಿಡಬಾರದು.

1903ರಲ್ಲಿ ಈ ಕಂಟಿಂಜೆಂಟನ್ನು ಇಂಗ್ಲಿಷರ ಭಾರತೀಯ ಸೈನ್ಯದಲ್ಲಿ ಸೇರಿಸಿಕೊಂಡರು. ನಿಜಾಮರ ಸಂಬಂಧ ಅಲ್ಲಿಗೆ ಕಡಿಯಿತು. 1922ರಲ್ಲಿ ಅದಕ್ಕೆ 19ನೆಯ ಹೈದರಾಬಾದ್ ರೆಜಿಮೆಂಟ್ ಎಂದು ಹೆಸರಿಟ್ಟರು. ಹೆಸರು ಹೈದರಾಬಾದಿನದು, ಒಳಗಿದ್ದ ಜವಾನರು ಬಹುಪಾಲು ಉತ್ತರದ ಕುಮಾಯೂಂ ಬೆಟ್ಟದವರು, ಅಹೀರರು, ಜಾಟರು. ಕೊನೆಗೆ 1945ರಲ್ಲಿ ಹೆಸರೂ ಬದಲಾಗಿ ಕುಮಾಯೂಂ ರೆಜಿಮೆಂಟ್ ಆಯಿತು. ಎಂದರೆ 1948ರಲ್ಲಿ ರಜಾಕಾರರ ಕಾಲಕ್ಕೆ ಆ ಪಲ್ಟನ್ನಿಗೂ ನಿಜಾಮರಿಗೂ ಯಾವ ಸಂಬಂಧವೂ ಇರಲಿಲ್ಲ. ಅಜ್ಜನಿಗೆ ಕೊಡಬೇಕಾಗಿದ್ದ ಉತ್ತರದ ಅರ್ಧ ಇದು. ಉಳಿದರ್ಧ ತಿಮ್ಮಯ್ಯನವರ ಬದುಕಿನಲ್ಲಿದೆ.

ಮಡಿಕೇರಿಯಿಂದ ಸ್ಯಾಂಡ್‌ಹರ್ಸ್ಟಿಗೆ

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚಿನಲ್ಲಿ, ಮಡಿಕೇರಿಯಲ್ಲಿ. ಮನೆತನ ಕಾಫಿ ತೋಟದವರದು. ತಾಯಿ ಸೀತಮ್ಮನವರು ಸಮಾಜಸೇವೆಗಾಗಿ ಕೈಸರ್-ಇ-ಹಿಂದ್ ಪದಕ ಪಡೆದವರು. ಎಂಟನೇ ವಯಸ್ಸಿಗೇ ಮಗನನ್ನು ಕೂನೂರಿನ ವಸತಿ ಶಾಲೆಗೆ ಸೇರಿಸಿದರು. ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಅಲ್ಲಿಂದ ಡೆಹ್ರಾಡೂನಿನಲ್ಲಿ 1922ರಲ್ಲಿ ಹೊಸದಾಗಿ ತೆರೆದ ಮಿಲಿಟರಿ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. ಆ ಕಾಲಕ್ಕೆ ವರ್ಷಕ್ಕೆ ಬೆರಳೆಣಿಕೆಯ ಭಾರತೀಯ ಹುಡುಗರಿಗೆ ಮಾತ್ರ ಅಲ್ಲಿ ಜಾಗ ಸಿಗುತ್ತಿತ್ತು. 1926ರಲ್ಲಿ ಅವರು ಅಧಿಕಾರಿಯಾಗಿ ಹೊರಬಂದರು.

ಸ್ಯಾಂಡ್‌ಹರ್ಸ್ಟಿನಿಂದ ಬಂದ ಭಾರತೀಯ ಅಧಿಕಾರಿ ಮೊದಲು ಒಂದು ವರ್ಷ ಇಲ್ಲಿದ್ದ ಬ್ರಿಟಿಷ್ ಪಲ್ಟನ್ನಿನಲ್ಲಿ ಕೆಲಸ ಕಲಿಯಬೇಕೆಂಬ ನಿಯಮ ಇತ್ತು. ಬ್ರಿಟನ್ನಿನ ಕಾಲಾಳು ಪಲ್ಟನ್ನುಗಳು ಸೀಮೆಗೊಂದರಂತೆ ಇದ್ದವು. ವೇಲ್ಸ್ ಸೀಮೆಯದು ರಾಯಲ್ ವೆಲ್ಷ್ ಫ್ಯುಸಿಲಿಯರ್ಸ್. ಅದು 1689ರಲ್ಲಿ ಹುಟ್ಟಿದ್ದು. ಅವರ ಮೆರವಣಿಗೆಯಲ್ಲಿ ಸಿಂಗರಿಸಿದ ಹೋತ ಮುಂದೆ ನಡೆಯುತ್ತಿತ್ತು. ನಮ್ಮ ಜಾತ್ರೆಯಲ್ಲಿ ಹೋತನ ಗತಿ ಬೇರೆ, ಅಲ್ಲಿ ಅದಕ್ಕೆ ಸಿಪಾಯಿಯ ಮರ್ಯಾದೆ. ಸ್ಕಾಟ್ಲೆಂಡಿನವರಿಗೆ ಅವರದೇ ಪಲ್ಟನ್ನುಗಳು, ಅವರದೇ ಬ್ಯಾಗ್‌ಪೈಪು. ತಿಮ್ಮಯ್ಯನವರಿಗೆ ಸಿಕ್ಕಿದ್ದು ಸ್ಕಾಟ್ಲೆಂಡಿನ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ. ಆಗ ಅದು ಬೆಂಗಳೂರಿನ ದಂಡುಪ್ರದೇಶದಲ್ಲಿ ಇತ್ತು. ತಾನು ಓದಿ ಬೆಳೆದ ಬೆಂಗಳೂರಿಗೇ, ಪರದೇಶದ ಪಲ್ಟನ್ನಿನ ಸಮವಸ್ತ್ರ ತೊಟ್ಟು, ಇಪ್ಪತ್ತರ ಹುಡುಗ ಬಂದಿಳಿದ.

ಒಂದು ವಿಷಯ ಇಲ್ಲಿ ನೆನಪಿಡಬೇಕು. ಪರೇಡ್ ಮೈದಾನದಲ್ಲಿ ಅಧಿಕಾರಿ ಅಧಿಕಾರಿಯೇ. ಸಂಜೆಯಾದರೆ ಮಾತ್ರ ಬಣ್ಣ ಎದ್ದು ಕಾಣುತ್ತಿತ್ತು. ಆ ಕಾಲದ ಎಷ್ಟೋ ಇಂಗ್ಲಿಷ್ ಕ್ಲಬ್ಬುಗಳಿಗೆ ಭಾರತೀಯರಿಗೆ ಪ್ರವೇಶ ಇರಲಿಲ್ಲ. ದೊರೆಯ ಹೆಸರಿನ ಆಜ್ಞಾಪತ್ರ ಜೇಬಿನಲ್ಲಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲ. ಊರ ಬಾವಿಗೆ, ಹೋಟೆಲಿನ ಒಳಗೆ ಬಿಡಿಸಿಕೊಳ್ಳದೆ ಬೆಳೆದ ನಮ್ಮಲ್ಲಿಯ ಹಿರಿಯರಿಗೆ ಈ ಅವಮಾನ ಎಂಥದು ಎಂದು ವಿವರಿಸಬೇಕಾಗಿಲ್ಲ.

ಇರಬೇಕೋ ಬಿಡಬೇಕೋ

ವರ್ಷ ಕಳೆದ ಮೇಲೆ ತಿಮ್ಮಯ್ಯನವರನ್ನು 19ನೆಯ ಹೈದರಾಬಾದ್ ರೆಜಿಮೆಂಟಿನ 4ನೆಯ ಬೆಟಾಲಿಯನ್ನಿಗೆ ಹಾಕಿದರು. ಆಗ ಅದು ಇರಾಕಿನ ಬಗ್ದಾದಿನಲ್ಲಿತ್ತು. ಅಲ್ಲಿಂದ ಬಂದ ಮೇಲೆ ಪಲ್ಟನ್ ಅಲಹಾಬಾದಿನಲ್ಲಿ ಬೀಡುಬಿಟ್ಟಿತು. ಅಲಹಾಬಾದು ಎಂದರೆ ನೆಹರೂ ಮನೆತನದ ಊರು. ಸ್ವಾತಂತ್ರ್ಯ ಚಳವಳಿ ಕಾವೇರಿದ್ದ ದಿನಗಳು. ತಮ್ಮದೇ ವಯಸ್ಸಿನ ಹುಡುಗರು ಖಾದಿ ತೊಟ್ಟು ಜೈಲಿಗೆ ಹೋಗುತ್ತಿದ್ದಾರೆ, ತಾವು ದೊರೆಯ ಬಟ್ಟೆ ತೊಟ್ಟು ನಿಂತಿದ್ದೇವೆ. ತಿಮ್ಮಯ್ಯನವರೂ ಅವರ ಭಾರತೀಯ ಗೆಳೆಯರೂ ರಾಜೀನಾಮೆ ಕೊಟ್ಟುಬಿಡೋಣವೇ ಎಂದು ತಳಮಳಿಸಿದರು. ಕೊನೆಗೆ ಮೋತಿಲಾಲ್ ನೆಹರೂ ಅವರನ್ನೇ ಕೇಳಿದರು ಎಂದು ಅವರ ಜೀವನಚರಿತ್ರೆ ಹೇಳುತ್ತದೆ. ಬಿಡಬೇಡಿ ಎಂದರು ಮೋತಿಲಾಲರು. ಸ್ವಾತಂತ್ರ್ಯ ಇವತ್ತಲ್ಲ ನಾಳೆ ಬರುತ್ತದೆ, ಆ ದಿನ ದೇಶಕ್ಕೆ ಕೆಲಸ ಬಲ್ಲ ಸೇನಾಧಿಕಾರಿಗಳು ಬೇಕಾಗುತ್ತದೆ, ನೀವೆಲ್ಲ ಈಗಲೇ ಎದ್ದು ಬಂದರೆ ಆಗ ಯಾರನ್ನು ಹುಡುಕುವುದು ಎಂಬುದು ಅವರ ವಾದ.

ತಿಮ್ಮಯ್ಯನವರು ಉಳಿದರು. ಉಳಿಯುವುದು ಸುಲಭದ ದಾರಿ ಎಂದು ಕೆಲವರು ಅಂದುಕೊಳ್ಳಬಹುದು. ರಾಜೀನಾಮೆ ಬಿಸಾಕಿ ಬಂದಿದ್ದರೆ ಊರಿನಲ್ಲಿ ಹೂಮಾಲೆ ಬೀಳುತ್ತಿತ್ತು. ಉಳಿದವರಿಗೆ ಒಳಗೆ ಅಪನಂಬಿಕೆ, ಹೊರಗೆ ಹಂಗಣೆ. ಅವರು ಕೆಲಸ ಕಲಿಯುವುದರಲ್ಲಿ ತಲೆ ಹಾಕಿದರು. 1935ರಲ್ಲಿ ನೀನಾ ಅವರನ್ನು ಮದುವೆಯಾದರು. ಅದೇ ವರ್ಷ ಕ್ವೆಟ್ಟಾದಲ್ಲಿ ಭೂಕಂಪವಾಗಿ ಊರಿಗೆ ಊರೇ ಮಣ್ಣಾಯಿತು. ಗಂಡಹೆಂಡಿರಿಬ್ಬರೂ ಗಾಯಗೊಂಡವರ ಸೇವೆಗೆ ನಿಂತರು. ಆ ಸೇವೆಗಾಗಿ ನೀನಾ ಅವರಿಗೂ, ಅತ್ತೆಗೆ ಬಂದಿದ್ದ ಕೈಸರ್-ಇ-ಹಿಂದ್ ಪದಕವೇ ಬಂತು.

ಒಂದು ತಾಯಿಯ ಮೂವರು ಮಕ್ಕಳು

ಎರಡನೆಯ ಮಹಾಯುದ್ಧ ಬಂದಾಗ 4ನೆಯ ಬೆಟಾಲಿಯನ್ ಸಿಂಗಾಪುರದ ಕಡೆಗೆ ಹೋಗಿತ್ತು. ತಿಮ್ಮಯ್ಯನವರೂ ಅಲ್ಲಿದ್ದು, ಯುದ್ಧ ಅಲ್ಲಿಗೆ ಮುಟ್ಟುವ ಮುನ್ನ ಭಾರತಕ್ಕೆ ವರ್ಗವಾಗಿ ಬಂದಿದ್ದರು. 1942ರ ಫೆಬ್ರುವರಿ 15ರಂದು ಸಿಂಗಾಪುರ ಜಪಾನೀಯರಿಗೆ ಶರಣಾಯಿತು. ಅವರು ಬಿಟ್ಟುಬಂದ ಪಲ್ಟನ್ನಿನವರಲ್ಲಿ ಸತ್ತವರು ಸತ್ತು ಉಳಿದವರು ಸೆರೆಯಾದರು. ಅಲ್ಲಿಯ ಸೆರೆಯಾಳುಗಳಿಂದಲೇ ಆಜಾದ್ ಹಿಂದ್ ಫೌಜ್ ಹುಟ್ಟಿತು. ತಿಮ್ಮಯ್ಯನವರ ಅಣ್ಣ ಪೊನ್ನಪ್ಪನವರೂ ಸೈನ್ಯಾಧಿಕಾರಿ. ಅವರು ಆಜಾದ್ ಹಿಂದ್ ಫೌಜ್ ಸೇರಿದರು.

ಅಣ್ಣ ನೇತಾಜಿಯ ಕಡೆ, ತಮ್ಮ ಬ್ರಿಟಿಷ್ ಭಾರತದ ಸೈನ್ಯದಲ್ಲಿ. ಬರ್ಮಾದ ಗಡಿಯಲ್ಲಿ ಎರಡೂ ಸೈನ್ಯಗಳು ಎದುರುಬದುರು. ಮಡಿಕೇರಿಯ ಮನೆಯಲ್ಲಿದ್ದ ತಾಯಿ ಯಾರ ಗೆಲುವಿಗೆ ಹರಕೆ ಹೊತ್ತಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಬ್ಬರಿಗೂ ಬೇಕಾಗಿದ್ದದ್ದು ದೇಶದ ಬಿಡುಗಡೆಯೇ. ದಾರಿ ಬೇರೆಯಾಗಿತ್ತು. ಅಣ್ಣನನ್ನು ದೇಶಭಕ್ತನೆಂದು, ತಮ್ಮನನ್ನು ಚಾಕರಿಯವನೆಂದು ಅಳೆದುಬಿಡುವುದು ಸುಲಭ. ಮುಂದಿನ ಕಥೆ ಕೇಳಿದರೆ ಆ ಅಳತೆಗೋಲು ಸರಿಯಲ್ಲ ಎಂದು ತಿಳಿಯುತ್ತದೆ. ಕಿರಿಯವರಾದ ಸೋಮಯ್ಯನವರೂ ಸೈನ್ಯಾಧಿಕಾರಿಯಾಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಕಾಶ್ಮೀರದ ಯುದ್ಧದಲ್ಲಿ ನೆಲಬಾಂಬು ಸಿಡಿದು ಅವರು ಪ್ರಾಣ ಕೊಟ್ಟರು.

ಕಂಗಾವ್

ಭಾರತೀಯರು ಯುದ್ಧದಲ್ಲಿ ಒಂದು ಬೆಟಾಲಿಯನ್ನನ್ನು ನಡೆಸಬಲ್ಲರೇ ಎಂಬ ಸಂಶಯ ಇಂಗ್ಲಿಷರಲ್ಲಿ ಕೊನೆಯವರೆಗೂ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಬರ್ಮಾದ ಅರಾಕಾನ್ ಕರಾವಳಿಯಲ್ಲಿ. ತಿಮ್ಮಯ್ಯನವರು ಆಗ ಹೈದರಾಬಾದ್ ರೆಜಿಮೆಂಟಿನ 8ನೆಯ ಬೆಟಾಲಿಯನ್ನಿನ ಮುಖ್ಯಸ್ಥರು. ಪಂಜಾಬ್ ರೆಜಿಮೆಂಟಿನ ಒಂದು ಬೆಟಾಲಿಯನ್ನಿಗೆ ಥೋರಾಟ್, ಬಲೂಚ್ ರೆಜಿಮೆಂಟಿನದಕ್ಕೆ ಸೇನ್. ಮೂವರೂ ಭಾರತೀಯರು, ಮೂರೂ ಒಂದೇ ಬ್ರಿಗೇಡಿನಲ್ಲಿ. 1945ರ ಜನವರಿ ಕೊನೆಗೆ ಕಂಗಾವ್ ಎಂಬಲ್ಲಿ ಜಪಾನೀಯರು ಹಿಂದೆ ಸರಿಯುವ ದಾರಿಯನ್ನು ಕಡಿಯಲು ಕೆಸರು, ಕಾಡು, ಕಾಲುವೆಗಳ ನಡುವೆ ಘೋರ ಕಾಳಗ ನಡೆಯಿತು. ಮೂವರೂ ಗೆದ್ದು ತೋರಿಸಿದರು. ಮೂವರಿಗೂ ಡಿಎಸ್‌ಓ ಪದಕ ಬಂತು. ಅದೇ ವರ್ಷ ತಿಮ್ಮಯ್ಯನವರಿಗೆ ಒಂದು ಬ್ರಿಗೇಡೇ ಸಿಕ್ಕಿತು. ಯುದ್ಧಭೂಮಿಯಲ್ಲಿ ಬ್ರಿಗೇಡು ನಡೆಸಿದ ಮೊದಲ ಭಾರತೀಯ ಅವರು. ಸಿಂಗಾಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಪರವಾಗಿ ಅವರು ಹಾಜರಿದ್ದರು. ತಮ್ಮ ಹಳೆಯ ಪಲ್ಟನ್ ಸೆರೆಯಾದ ಅದೇ ಊರು.

ನಮ್ಮ ಮಕ್ಕಳು ಪಾಠದಲ್ಲಿ ಓದುವ ಮೇಜರ್ ಸೋಮನಾಥ ಶರ್ಮಾ, ದೇಶದ ಮೊದಲ ಪರಮವೀರ ಚಕ್ರ ಪಡೆದವರು, ಅರಾಕಾನಿನಲ್ಲಿ ಇದೇ 8ನೆಯ ಬೆಟಾಲಿಯನ್ನಿನ ತರುಣ ಅಧಿಕಾರಿ. ತಿಮ್ಮಯ್ಯನವರ ಕೈಯಲ್ಲಿ ಪಳಗಿದವರು. 1947ರ ನವೆಂಬರ್ 3ರಂದು ಬಡಗಾಮಿನಲ್ಲಿ ಶ್ರೀನಗರವನ್ನು ಉಳಿಸಲು ಹೋರಾಡಿ ಮಡಿದಾಗ ಅವರು ಇದ್ದದ್ದು 4ನೆಯ ಕುಮಾಯೂಂನಲ್ಲಿ, ಎಂದರೆ ತಿಮ್ಮಯ್ಯನವರು ಬಗ್ದಾದಿನಲ್ಲಿ ಸೇರಿದ್ದ ಪಲ್ಟನ್ನಿನಲ್ಲೇ.

ಹಿಮದ ಮೇಲೆ ಟ್ಯಾಂಕು

ಸ್ವಾತಂತ್ರ್ಯ ಬಂತು. ಮೋತಿಲಾಲರು ಹೇಳಿದ್ದ ದಿನ ಬಂತು. ಅಂದು ಅವರು ಬದುಕಿರಲಿಲ್ಲ. ಅವರ ಮಗ ಪ್ರಧಾನಿಯಾಗಿದ್ದರು. ತಿಮ್ಮಯ್ಯನವರು ಮೇಜರ್ ಜನರಲ್ ಆಗಿ ಮೊದಲು ಪಂಜಾಬಿನಲ್ಲಿ ನಿರಾಶ್ರಿತರ ರಕ್ಷಣೆಯ ಕೆಲಸ ನೋಡಿದರು. 1948ರಲ್ಲಿ ಕಾಶ್ಮೀರದ ಹೊಣೆ ಬಂತು. ಲೇಹ್ ಶತ್ರುವಿನ ಬಾಯಿಗೆ ಬೀಳುವಂತಿತ್ತು, ರಸ್ತೆ ಕಡಿದುಹೋಗಿತ್ತು. ಮೇ ತಿಂಗಳಲ್ಲಿ ವಾಯುಪಡೆಯ ಮೆಹರ್ ಸಿಂಗ್ ಅವರು ಹಿಮಾಲಯದ ಮೇಲೆ ಡಕೋಟಾ ವಿಮಾನ ಹಾರಿಸಿ, 11,000 ಅಡಿಗೂ ಎತ್ತರದ ಲೇಹ್‌ನಲ್ಲಿ, ಮರಳಿನ ಬಯಲಿನಲ್ಲಿ ಮೊದಲ ಸಲ ಇಳಿಸಿದರು. ಆಗುತ್ತದೋ ಇಲ್ಲವೋ ಎಂಬ ಆ ಹಾರಾಟದಲ್ಲಿ ತಿಮ್ಮಯ್ಯನವರು ಪಕ್ಕದಲ್ಲೇ ಕುಳಿತಿದ್ದರು.

ಲೇಹ್‌ಗೆ ನೆಲದ ಮೇಲಿನ ಬಾಗಿಲು ಜೋಜಿಲಾ ಕಣಿವೆ. ಎತ್ತರ 11,500 ಅಡಿ. ಮೇಲೆ ಬಂಡೆಗಳ ನಡುವೆ ಶತ್ರು ಕುಳಿತಿದ್ದ. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಎರಡು ಸಲ ಏರಿ ಹೋಗಿ ರಕ್ತ ಸುರಿಸಿ ಹಿಂದೆ ಬಂದರು. ಅದೇ ಸೆಪ್ಟೆಂಬರಿನಲ್ಲಿ ಇತ್ತ ಪೊಲೀಸ್ ಕಾರ್ಯಾಚರಣೆ ನಡೆದು 17ರಂದು ನಿಜಾಮರು ಕೈಚೆಲ್ಲಿದರು, ನಮ್ಮ ರಾಯಚೂರು ಸೀಮೆಗೆ ಬಿಡುಗಡೆ ಸಿಕ್ಕಿತು. ನಮ್ಮ ಅಜ್ಜ ಹೊಳೆಯಾಚೆಯಿಂದ ಬಂಡಿ ಹೊಡೆದುಕೊಂಡು ಊರಿಗೆ ಮರಳಿದ ದಿನಗಳಲ್ಲಿ, ಆತ ಅನುಮಾನಪಟ್ಟ ಆ ಮನುಷ್ಯ ದೇಶದ ಇನ್ನೊಂದು ತುದಿಯಲ್ಲಿ ಹಿಮದ ಬುಡದಲ್ಲಿ ನಿಂತು ಹೇಗೆ ಏರುವುದು ಎಂದು ಲೆಕ್ಕ ಹಾಕುತ್ತಿದ್ದರು.

ಲೆಕ್ಕ ಸಿಕ್ಕಿತು. ಟ್ಯಾಂಕು ಏರಿಸುವುದು. ಅಷ್ಟು ಎತ್ತರಕ್ಕೆ ಯಾರೂ ಟ್ಯಾಂಕು ಒಯ್ದವರಿರಲಿಲ್ಲ. 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರ ಬಿಚ್ಚಿ, ಗುರುತು ಸಿಗದಂತೆ ಮುಚ್ಚಿ, ದುರ್ಬಲ ಸೇತುವೆಗಳನ್ನು ದಾಟಿಸಿ ತಂದರು. ಬಾಲ್ಟಾಲಿನಿಂದ ಕಣಿವೆಯವರೆಗೆ ಹೇಸರಗತ್ತೆ ಹೋಗುವ ಕಾಲುದಾರಿ ಮಾತ್ರ ಇತ್ತು. ಅದನ್ನು ಟ್ಯಾಂಕು ಹೋಗುವ ದಾರಿ ಮಾಡಿದವರು ನಮ್ಮ ಮದ್ರಾಸ್ ಸ್ಯಾಪರ್ಸ್. ಚಳಿಯಲ್ಲಿ, ಶತ್ರುವಿನ ಗುಂಡಿನ ಕೆಳಗೆ, ಬಂಡೆ ಒಡೆದು ದಾರಿ ತೆಗೆದರು. ಈ ಮಾತು ಬರೆಯುವಾಗ ನನ್ನ ಎದೆ ಸ್ವಲ್ಪ ಉಬ್ಬಿದರೆ ಓದುವವರು ಕ್ಷಮಿಸಬೇಕು. ನವೆಂಬರ್ 1ರಂದು ಟ್ಯಾಂಕುಗಳು ಹಿಮದಲ್ಲಿ ಗುಡುಗುತ್ತಾ ಕಣಿವೆ ಹೊಕ್ಕವು. ಶತ್ರು ಕನಸಿನಲ್ಲೂ ನೆನೆಸಿರಲಿಲ್ಲ. ಕಾಲಾಳುಗಳು ಹಿಂದೆಯೇ ನುಗ್ಗಿದರು, ಜೋಜಿಲಾ ನಮ್ಮದಾಯಿತು. ಮುಂದಿನ ಸಾಲಿನ ಟ್ಯಾಂಕಿನಲ್ಲೇ ತಿಮ್ಮಯ್ಯನವರು ಕುಳಿತಿದ್ದರು. ಮೇಜರ್ ಜನರಲ್ ಅಲ್ಲಿ ಕೂರಬೇಕೆಂಬ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಆ ತಿಂಗಳಲ್ಲೇ ದ್ರಾಸ್, ಕಾರ್ಗಿಲ್ ಮರಳಿ ಸಿಕ್ಕಿ ಲೇಹ್ ಉಳಿಯಿತು.

ಕೊರಿಯಾ ಮತ್ತು ದೆಹಲಿ

1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಊರಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಸೆರೆಯಾಳುಗಳನ್ನು ಏನು ಮಾಡಬೇಕೆಂಬ ಕಗ್ಗಂಟು ಉಳಿಯಿತು. ಅದಕ್ಕೆಂದು ಐದು ದೇಶಗಳ ಆಯೋಗ ರಚಿಸಿ ಅಧ್ಯಕ್ಷತೆಯನ್ನು ಭಾರತಕ್ಕೆ ಕೊಟ್ಟರು. ಆ ಖುರ್ಚಿಯಲ್ಲಿ ಕುಳಿತವರು ತಿಮ್ಮಯ್ಯನವರು. ಸೆರೆಯಾಳುಗಳನ್ನು ಕಾಯುವ ಭಾರತೀಯ ಪಡೆಗೆ ಕಂಗಾವಿನ ಜೊತೆಗಾರ ಥೋರಾಟ್ ಮುಖ್ಯಸ್ಥರು. ಒಂದು ಕಡೆಯವರು ಬಲವಂತವಾಗಿ ಕಳಿಸಿ ಎನ್ನುವರು, ಇನ್ನೊಂದು ಕಡೆಯವರು ಬಿಟ್ಟುಬಿಡಿ ಎನ್ನುವರು. ಇಬ್ಬರಿಂದಲೂ ಬೈಸಿಕೊಂಡು, ಇಬ್ಬರ ಕಡೆಗೂ ವಾಲದೆ ಕೆಲಸ ಮುಗಿಸಿ ಬಂದರು. 1954ರಲ್ಲಿ ಪದ್ಮಭೂಷಣ ಬಂತು. 1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ನಂತರ ಆ ಪೀಠ ಏರಿದ ಎರಡನೆಯ ಕೊಡವರು, ಎರಡನೆಯ ಕನ್ನಡನಾಡಿನವರು.

ಅವರ ಬದುಕಿನ ಅತಿ ಕಷ್ಟದ ಘಳಿಗೆ ಬಂದದ್ದು ಯುದ್ಧಭೂಮಿಯಲ್ಲಲ್ಲ, ದೆಹಲಿಯ ಕಚೇರಿಯಲ್ಲಿ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರಿಗೂ ಇವರಿಗೂ ಬಡ್ತಿ, ಸೈನ್ಯದ ಸಿದ್ಧತೆ ಮೊದಲಾದ ವಿಷಯಗಳಲ್ಲಿ ಹೊಂದಿಕೆಯಾಗಲಿಲ್ಲ. ಉತ್ತರದ ಗಡಿಯಲ್ಲಿ ಚೀನಾದ ನೆರಳು ಬೀಳುತ್ತಿದ್ದ ಕಾಲ. 1959ರ ಆಗಸ್ಟ್ ಕೊನೆಗೆ ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು. ಪ್ರಧಾನಿ ಜವಾಹರಲಾಲ್ ನೆಹರೂ ಕರೆಸಿ, ಹಿಂದಕ್ಕೆ ಪಡೆಯಲು ಒಪ್ಪಿಸಿದರು. ಪಡೆದ ಮೇಲೆ ಲೋಕಸಭೆಯಲ್ಲಿ ನೆಹರೂ ಆಡಿದ ಮಾತುಗಳಲ್ಲಿ ಸೇನಾಪತಿಯ ಮೇಲೆಯೇ ತಪ್ಪು ಬಿತ್ತು. ತಂದೆ ಒಮ್ಮೆ ಬಿಡಬೇಡ ಎಂದಿದ್ದರು, ಮೂವತ್ತು ವರ್ಷದ ಮೇಲೆ ಮಗನೂ ಬಿಡಬೇಡ ಎಂದರು. ಎರಡೂ ಸಲ ತಿಮ್ಮಯ್ಯನವರು ನಿಂತರು. ಮೊದಲ ಸಲ ನಿಂತದ್ದು ಫಲ ಕೊಟ್ಟಿತು. ಎರಡನೆಯ ಸಲ?

ಈ ಪ್ರಶ್ನೆಯನ್ನು ನಾವು ಸಿಪಾಯಿಗಳು ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತ ಎಷ್ಟೋ ಸಲ ಚರ್ಚಿಸಿದ್ದೇವೆ. ಅಂದೇ ಹೊರಗೆ ಬಂದಿದ್ದರೆ ದೇಶ ಎಚ್ಚರವಾಗುತ್ತಿತ್ತು ಎನ್ನುವವರಿದ್ದರು. ಸೇನಾಪತಿ ಸರಕಾರದ ಮೇಲೆ ಹೀಗೆ ಒತ್ತಡ ಹಾಕಿದರೆ ನೆರೆಯ ದೇಶದಂತೆ ನಮ್ಮಲ್ಲೂ ಮಿಲಿಟರಿ ಆಳ್ವಿಕೆ ಬರುತ್ತಿತ್ತು ಎನ್ನುವವರೂ ಇದ್ದರು. ಪಾಕಿಸ್ತಾನದಲ್ಲಿ 1958ರಲ್ಲಿ ಅಯೂಬ್ ಖಾನ್ ಸೈನ್ಯದ ಬಲದಿಂದ ಗದ್ದುಗೆ ಏರಿಯಾಗಿತ್ತು. ಈ ದೇಶದಲ್ಲಿ ಜವಾನರು ಪ್ರಾಣ ಕೊಡುವಷ್ಟು ಪ್ರೀತಿಸಿದ ಸೇನಾಪತಿ ಒಬ್ಬ, ಮನಸ್ಸಿಗೆ ನೋವಾದಾಗ ಮಾಡಿದ್ದು ಒಂದು ಕಾಗದ ಬರೆದು ಕೊಟ್ಟದ್ದು, ಬೇಡವೆಂದಾಗ ಅದನ್ನು ಮರಳಿ ಪಡೆದದ್ದು, ಅವಧಿ ಮುಗಿಯುವವರೆಗೆ ಬಾಯಿಮುಚ್ಚಿ ಕೆಲಸ ಮಾಡಿದ್ದು. 1961ರ ಮೇ ತಿಂಗಳಲ್ಲಿ ಕೊಡಗಿಗೆ ಮರಳಿ ಕಾಫಿ ತೋಟ ನೋಡಿಕೊಂಡರು. ಮರುವರ್ಷವೇ ಚೀನಾ ಯುದ್ಧ ಆಯಿತು. ಸೋತ ಸುದ್ದಿಯನ್ನು ಅವರು ತೋಟದ ಮನೆಯಲ್ಲಿ ಕುಳಿತು ಕೇಳಬೇಕಾಯಿತು. ಅವರ ಸೋದರ ಅಧಿಕಾರಿಗಳಿಗೂ ಜವಾನರಿಗೂ ಬಂದ ಆ ಗತಿ ಅವರನ್ನು ಎಷ್ಟು ಸುಟ್ಟಿರಬೇಕು. ನಿಲ್ಲುವುದಕ್ಕೂ ಬೆಲೆ ಇದೆ, ಆ ಬೆಲೆಯನ್ನು ಅವರು ಕೊಟ್ಟರು ಎಂದಷ್ಟೇ ನಾನು ಹೇಳಬಲ್ಲೆ.

ಸೈಪ್ರಸ್

ಅಷ್ಟಕ್ಕೆ ಅವರ ಕೆಲಸ ಮುಗಿಯಲಿಲ್ಲ. ಸೈಪ್ರಸ್ ಎಂಬ ಸಣ್ಣ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಕಾದಾಟ ಹತ್ತಿತ್ತು. ಅಕ್ಕಪಕ್ಕದ ಮನೆಯವರೇ ಕೋವಿ ಹಿಡಿದಿದ್ದರು. 1964ರ ಜುಲೈಯಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಗೆ ತಿಮ್ಮಯ್ಯನವರು ಮುಖ್ಯಸ್ಥರಾಗಿ ಹೋದರು. ಆ ಪಡೆಯಲ್ಲಿ ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶದವರೊಂದಿಗೆ ಬ್ರಿಟಿಷ್ ಪಲ್ಟನ್ನುಗಳೂ ಇದ್ದವು. ಯಾವ ಬ್ರಿಟಿಷ್ ಸೈನ್ಯದಲ್ಲಿ ಇಪ್ಪತ್ತರ ವಯಸ್ಸಿಗೆ ಕಲಿಯುವ ಹುಡುಗನಾಗಿ ನಿಂತಿದ್ದರೋ ಅದೇ ಸೈನ್ಯದ ಜವಾನರು ಈಗ ಅವರ ಆಜ್ಞೆಗೆ ಸೆಲ್ಯೂಟ್ ಹೊಡೆದರು. ಕೋವಿ ಹಾರಿಸದೆ ಎರಡು ಕಡೆಯವರನ್ನೂ ಮಾತಿಗೆ ಕೂರಿಸುವ ಕೆಲಸ ಅದು. 1965ರ ಡಿಸೆಂಬರ್ 18ರಂದು ಕೆಲಸದಲ್ಲಿರುವಾಗಲೇ, ಅಲ್ಲಿಯೇ ಹೃದಯ ನಿಂತು ತೀರಿಕೊಂಡರು. ವಯಸ್ಸು 59. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಸೈನಿಕ ಗೌರವದೊಂದಿಗೆ ಮಣ್ಣು ಮಾಡಿದರು. ಸೈಪ್ರಸ್ ಸರಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಅಲ್ಲಿಯ ಒಂದು ಬೀದಿಗೆ ಅವರ ಹೆಸರಿದೆ. ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅವರ ಹೆಸರೇ.

ಮಡಿಕೇರಿಯಲ್ಲಿ ಅವರು ಬೆಳೆದ ಸನ್ನಿಸೈಡ್ ಎಂಬ ಮನೆಯನ್ನು ಈಗ ವಸ್ತುಸಂಗ್ರಹಾಲಯ ಮಾಡಿದ್ದಾರೆ. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅದನ್ನು ಉದ್ಘಾಟಿಸಿದರು. ಆಮೇಲೆ ನಾನೂ ಹೋಗಿ ಬಂದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಬಿಡಬೇಕೆಂದು ಯಾರೂ ಹೇಳಿರಲಿಲ್ಲ.

ಮಕ್ಕಳಿಗೆ ಒಂದು ಮಾತು

ಅಜ್ಜನ ಪ್ರಶ್ನೆ ಮತ್ತೆ ನೆನೆಯುತ್ತೇನೆ. ಹೈದರಾಬಾದ್ ಫೌಜಿನವನು ನಮಗೆ ಹೇಗೆ ದೊಡ್ಡವನಾದಾನು? ಅಜ್ಜಾ, ಆ ಪಲ್ಟನ್ನಿಗೆ ನಮ್ಮ ಹಿರಿಯರ ಕಂದಾಯದ ಋಣ ಇತ್ತು. ಸುರಪುರದ ಪಾಪವೂ ಇತ್ತು. ಕಾಶ್ಮೀರದಲ್ಲಿ ಆ ಪಲ್ಟನ್ನೂ ಅದರಲ್ಲಿ ಬೆಳೆದ ಈ ಮನುಷ್ಯರೂ ದೇಶದ ಬಾಗಿಲು ಕಾದರು. ಪಾಪ ಅಳಿಯಿತು ಎಂದು ನಾನು ಹೇಳಲಾರೆ, ಋಣವಂತೂ ತೀರಿತು. ಹೆಸರು ನೋಡಿ ಮನುಷ್ಯನನ್ನು ಅಳೆಯಬಾರದು, ನಿಂತ ಜಾಗದಲ್ಲಿ ಏನು ಮಾಡಿದ ಎಂದು ನೋಡಬೇಕು. ಇದೇ ನನ್ನ ಉತ್ತರ.

ನಮ್ಮ ಶಾಲೆಯ ಮಕ್ಕಳಿಗೂ ಇದನ್ನೇ ಹೇಳಬೇಕೆನಿಸುತ್ತದೆ. ಮಳೆ ಕೈಕೊಟ್ಟ ವರ್ಷ ಮನೆಯವರೆಲ್ಲ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಹತ್ತಿ ಬಿಡಿಸುವ ಕಾಲಕ್ಕೆ ಬೆಂಚುಗಳು ಖಾಲಿಯಾಗುತ್ತವೆ. ಅದರಲ್ಲೂ ಹೆಣ್ಣುಮಕ್ಕಳ ಬೆಂಚು ಮೊದಲು ಖಾಲಿ. ಶಾಲೆ ಬಿಡಲು ನಿಮ್ಮ ಬಳಿ ಇರುವ ಕಾರಣಗಳು ಸುಳ್ಳಲ್ಲ. ನನಗೂ ಟ್ರಂಕು ತುಂಬಿದ ರಾತ್ರಿ ಕಾರಣಗಳಿದ್ದವು. ಆದರೆ ಆ ರಾತ್ರಿಯ ಮರುದಿನ ಯಾರಾದರೂ ಒಬ್ಬರು ಮರದ ಕೆಳಗೆ ಕೂರಿಸಿಕೊಂಡು ಒಂದು ಕಥೆ ಹೇಳಬೇಕು. ಗುರುಗಳಿಗೂ ಊರ ಹಿರಿಯರಿಗೂ ನನ್ನ ಬೇಡಿಕೆ ಇಷ್ಟೇ: ಬಿಟ್ಟುಹೋಗುವ ಹುಡುಗನನ್ನು, ಹುಡುಗಿಯನ್ನು ಬೈಯಬೇಡಿ, ಕರೆದು ಕೂರಿಸಿಕೊಳ್ಳಿ.

ಈ ಸಮಾರಂಭದ ನೆನಪಿಗೆ ಜನರಲ್ ತಿಮ್ಮಯ್ಯನವರ ಒಂದು ಭಾವಚಿತ್ರವನ್ನು ಶಾಲೆಗೆ ಕೊಡುತ್ತಿದ್ದೇನೆ. ಹತ್ತನೆಯ ತರಗತಿಯ ಗೋಡೆಗೆ, ಬಾಗಿಲ ಮೇಲೆ ಹಾಕಿದರೆ ಒಳ್ಳೆಯದು. ಎದ್ದು ಹೊರಗೆ ಹೋಗುವವರಿಗೆ ಕಾಣುವ ಹಾಗೆ.